ಅವ್ವನ ಮೊಣಕಾಲಿನಲ್ಲಿ ಲೋಹ ಇದೆ, ಏರ್‌ಪೋರ್ಟ್ ತಪಾಸಣೆಯಲ್ಲಿ ನಾವು ಏನು ಕೇಳಬಹುದು?

ಕಟಕ_ರೊಟ್ಟಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ್ರಿ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮ ಅವ್ವನಿಗೆ 67 ವರ್ಷ. ಎರಡೂ ಮೊಣಕಾಲು ಆಪರೇಷನ್ ಆಗಿವೆ, ಒಳಗೆ ಲೋಹದ ಕೀಲು. ಹೋದ ವರ್ಷ ತಮ್ಮನ ಮನೆ ಗೃಹಪ್ರವೇಶಕ್ಕೆ ಅಂತ ಮೊದಲ ಸಲ ವಿಮಾನ ಹತ್ತಿಸಿದೆ. ಯಾವ ಊರಿನ ಏರ್‌ಪೋರ್ಟ್ ಅಂತ ಬರೆಯುವುದಿಲ್ಲ, ಯಾರೋ ಒಬ್ಬರು ಮಾಡಿದ್ದಕ್ಕೆ ಎಲ್ಲರನ್ನೂ ಯಾಕೆ ಬೈಯಬೇಕು. ಲೋಹ ಹಿಡಿಯುವ ಆ ತಪಾಸಣೆ ಬಾಗಿಲು ದಾಟಿದ್ದೇ ತಡ ಬೀಪ್ ಅಂತು. ಅಲ್ಲಿದ್ದ ಹೆಣ್ಣುಮಗಳು ಪರದೆ ಒಳಗೆ ಕರೆದುಕೊಂಡು ಹೋಗಲಿಲ್ಲ, ಸಾಲಿನ ಎದುರೇ ನಿಲ್ಲಿಸಿ ಸೀರೆ ಮೇಲೆ ಮಾಡಿ ಮೊಣಕಾಲು ತೋರಿಸು ಅಂದಳು, ಅದೂ ಹಿಂದಿಯಲ್ಲಿ. ಅವ್ವನಿಗೆ ನಮ್ಮ ಕಡೆಯ ದಖನಿ ತಿಳಿಯುತ್ತದೆ, ಆ ಹಿಂದಿ ತಿಳಿಯಲಿಲ್ಲ. ನಾನು ಗಂಡಸರ ಸಾಲಿನಲ್ಲಿ ಬೆಲ್ಟ್ ಬಿಚ್ಚಿ, ಪ್ಯಾಂಟು ಹಿಡಿದುಕೊಂಡು ನಿಂತಿದ್ದೆ. ಕಡೆಗೆ ಅವಳು ಕೈ ಸನ್ನೆ ಮಾಡಿ ತೋರಿಸಿದಳು, ಅವ್ವ ಸೀರೆ ಎತ್ತಿದಳು, ಹೊಲಿಗೆ ಗುರುತು ನೋಡಿ ಬಿಟ್ಟರು.

ವಿಮಾನದಲ್ಲಿ ಅವ್ವ ಒಂದು ಮಾತೂ ಆಡಲಿಲ್ಲ. ಕಿಟಕಿ ಪಕ್ಕದ ಸೀಟಿಗೆ ನಾನು ಜಾಸ್ತಿ ದುಡ್ಡು ಕೊಟ್ಟಿದ್ದೆ, ಹೊರಗೆ ನೋಡಲೇ ಇಲ್ಲ.

ಈಗ ತಂಗಿಯ ಬಾಣಂತನಕ್ಕೆ ಅಮೆರಿಕಕ್ಕೆ ಕರೆದುಕೊಂಡು ಹೋಗಬೇಕು, ಹೈದರಾಬಾದಿನಿಂದ. ವೀಸಾ ಬಂದಿದೆ. ಅವ್ವ ಮಾತ್ರ, ಆ ಬಾಗಿಲು ಮತ್ತೆ ದಾಟಲ್ಲ ಅಂತಾಳೆ. ಅಮೆರಿಕದ ಮಷಿನ್‌ನಲ್ಲಿ ಮೈಯೆಲ್ಲ ಬೆತ್ತಲೆ ಕಾಣುತ್ತದೆ ಅಂತ ಓಣಿಯಲ್ಲಿ ಯಾರೋ ಬೇರೆ ಹೇಳಿದ್ದಾರೆ. ಮುಖದ ಫೋಟೋ ತೆಗೆಯುತ್ತಾರಂತೆ, ಅದನ್ನು ಏನು ಮಾಡುತ್ತಾರೆ? ಬೇಡ ಅನ್ನಬಹುದಾ? ಮತ್ತೆ ಎರಡು ಕೆಜಿ ಶೇಂಗಾ ಹಿಂಡಿ (ಚಟ್ನಿಪುಡಿ) ಒಯ್ಯುವುದಿದೆ, ಅದರ ಕಥೆ ಏನು?

ಕೋಟೆ_ಬಾಗಿಲು, ಬೀದರ್

ಅಣ್ಣಾರ, ಓದಿ ಬೇಜಾರಾಯಿತು. ನಾನು ಸಮವಸ್ತ್ರ ಹಾಕಿ ಕೆಲವು ವರ್ಷ ಇದೇ ತಪಾಸಣೆ ಕೆಲಸ ಮಾಡಿದವನು, ಈಗ ನಿವೃತ್ತ. ಆ ಕಡೆಯಿಂದ ನಾಲ್ಕು ಮಾತು.

ಮೊದಲನೆಯದು, ತಪಾಸಣೆ ಬೇಡ ಅನ್ನೋಕೆ ಆಗಲ್ಲ. ಬೇಡ ಅಂದರೆ ವಿಮಾನ ಇಲ್ಲ, ಅಷ್ಟೇ. 1999ರ ಡಿಸೆಂಬರ್‌ನಲ್ಲಿ ಕಠ್ಮಂಡುವಿನಿಂದ ದೆಹಲಿಗೆ ಹೊರಟ ಐಸಿ-814 ವಿಮಾನವನ್ನು ಅಪಹರಿಸಿ ಅಫ್ಘಾನಿಸ್ತಾನದ ಕಂದಹಾರ್‌ಗೆ ಒಯ್ದರಲ್ಲ, ಅದಾದ ಮೇಲೇ 2000ದಿಂದ ಒಂದೊಂದಾಗಿ ಏರ್‌ಪೋರ್ಟ್‌ಗಳು ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಕೈಗೆ ಬಂದದ್ದು. ನಿಯಮ ಬರೆಯುವುದು ಬಿಸಿಎಎಸ್ ಅನ್ನುವ ವಿಮಾನ ಭದ್ರತೆಯ ಸರ್ಕಾರಿ ಕಚೇರಿ, ನಿಂತು ಮೈ ಮುಟ್ಟಿ ನೋಡುವುದು ನಮ್ಮಂಥವರು. ನಮ್ಮ ದೇಶದಲ್ಲಿ ಬಾಗಿಲು ಬೀಪ್ ಅನ್ನದಿದ್ದರೂ ಕೈಯಲ್ಲಿ ಹಿಡಿಯುವ ಡಿಟೆಕ್ಟರ್ ಆಡಿಸಿಯೇ ಆಡಿಸುತ್ತಾರೆ.

ಆದರೆ ಹೆಂಗಸರನ್ನು ಹೆಂಗಸರೇ ನೋಡಬೇಕು, ಪರದೆ ಹಾಕಿದ ಗೂಡಿನೊಳಗೆ ನೋಡಬೇಕು. ಇದು ಅವರ ದಯೆ ಅಲ್ಲ, ನಿಯಮ. ನಿಮ್ಮ ಅವ್ವನಿಗೆ ಆದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಸಾಲು ಉದ್ದ ಇದ್ದಾಗ, ಹಿಂದಿನವರು ಕೂಗಾಡುವಾಗ, ಎಂಟು ತಾಸು ನಿಂತ ಕಾಲಿನಲ್ಲಿ ಕೆಲವರು ಹೀಗೆ ಅಡ್ಡದಾರಿ ಹಿಡಿಯುತ್ತಾರೆ. ಕಾರಣ ಹೇಳಿದೆ, ಸಮರ್ಥನೆ ಅಲ್ಲ.

ನನ್ನ ಅನುಭವದಲ್ಲಿ ಕೆಲಸಕ್ಕೆ ಬರುವುದು ಒಂದೇ. ಬೀಪ್ ಆಗುವ ಮೊದಲೇ ಹೇಳಬೇಕು. ಬಾಗಿಲಿನ ಈ ಕಡೆ ನಿಂತು ಮೊಣಕಾಲಿನಲ್ಲಿ ಲೋಹ ಇದೆ ಅಂದರೆ ಅದು ಮಾಹಿತಿ. ಬೀಪ್ ಆದ ಮೇಲೆ ಅಂದರೆ ಅದೇ ಮಾತು ನೆಪದ ಹಾಗೆ ಕೇಳುತ್ತದೆ. ಪೇಸ್‌ಮೇಕರ್ ಇದ್ದವರೂ ಹಾಗೇ ಮಾಡಬೇಕು. ಡಾಕ್ಟರ ಚೀಟಿ ಇಟ್ಟುಕೊಳ್ಳಿ. ಚೀಟಿ ಇದ್ದರೆ ತಪಾಸಣೆ ತಪ್ಪಲ್ಲ, ವಾದ ತಪ್ಪುತ್ತದೆ.

ನಮ್ಮ ಬೀದರಿನಲ್ಲಿ ಸಿಖ್ಖರ ಗುರುದ್ವಾರ ನಾನಕ್ ಝೀರಾ ಇರುವುದರಿಂದ ಇನ್ನೊಂದು ನೆನಪಾಯಿತು. ಸಿಖ್ಖರು ಧರ್ಮದ ಗುರುತಾಗಿ ಇಟ್ಟುಕೊಳ್ಳುವ ಕತ್ತಿ ಕಿರ್ಪಾನ್ ಬಗ್ಗೆ ಗೇಟಿನಲ್ಲಿ ಜಗಳ ಆಗುತ್ತಿದ್ದವು. 2022ರಲ್ಲಿ ಅಳತೆ ಬರೆದುಬಿಟ್ಟರು, ಅಲಗು 6 ಇಂಚು, ಒಟ್ಟು 9 ಇಂಚು, ದೇಶದೊಳಗಿನ ವಿಮಾನದಲ್ಲಿ ಮಾತ್ರ. ಈಗ ಅಳತೆಪಟ್ಟಿ ಹಿಡಿದರೆ ಮುಗಿಯಿತು. ಮುದುಕಿಯರ ಸೀರೆಗೂ ಯಾರಾದರೂ ಇಷ್ಟು ಸ್ಪಷ್ಟವಾಗಿ ಬರೆದು ಗೋಡೆಗೆ ಅಂಟಿಸಿದ್ದರೆ ಚೆನ್ನಾಗಿತ್ತು, ಕನ್ನಡದಲ್ಲಿ, ತೆಲುಗಿನಲ್ಲಿ.

ಭೀಮಾ_ದಂಡೆ, ಯಾದಗಿರಿ

ಮೇಲಿನ ಕಾಕಾ ಹೇಳಿದ್ದು ಸರಿ, ಆದರೆ ಮೊದಲೇ ಹೇಳಿದರೂ ಕೇಳದವರು ಇರುತ್ತಾರೆ. ನಮ್ಮಪ್ಪನಿಗೆ ಎಡಗಾಲು ಕೃತಕ. ಒಂದು ಕಡೆ ಕಾಲು ಬಿಚ್ಚಿ ಎಕ್ಸ್‌ರೇ ಬೆಲ್ಟಿನ ಮೇಲೆ ಹಾಕಿ ಅಂದರು. ಬಿಚ್ಚಿದರೆ ಅಪ್ಪ ಒಂಟಿ ಕಾಲಿನಲ್ಲಿ ಎಲ್ಲಿ ನಿಲ್ಲಬೇಕು? ನಾನು ಜಗಳ ಮಾಡಲಿಲ್ಲ, ಸುಮ್ನೆ ಮೇಲಧಿಕಾರಿಯನ್ನು ಕರೆಯಿರಿ ಅಂತ ಮೂರು ಸಲ ಅಂದೆ. ಬಂದರು. ಒಂದು ಚಿಕ್ಕ ಬಟ್ಟೆ ತುಂಡಿನಿಂದ ಕಾಲನ್ನು ಒರೆಸಿ ಮಷಿನ್‌ಗೆ ಹಾಕಿದರು, ಅದು ಸ್ಫೋಟಕದ ಪುಡಿ ಇದೆಯಾ ಅಂತ ಹೇಳುತ್ತದೆ. ಎರಡು ನಿಮಿಷವೂ ಆಗಲಿಲ್ಲ. ಹಾಗಾದರೆ ಮೊದಲೇ ಯಾಕೆ ಅದನ್ನು ಮಾಡಲಿಲ್ಲ ಅಂತ ಕೇಳಬೇಕು ಅನ್ನಿಸಿತು, ಅಪ್ಪ ಕೈ ಹಿಡಿದು ಎಳೆದರು, ನಡಿ ನಡಿ ಅಂತ.

2021ರ ಅಕ್ಟೋಬರ್‌ನಲ್ಲಿ ಕೃತಕ ಕಾಲಿನ ನೃತ್ಯಗಾತಿ ಸುಧಾ ಚಂದ್ರನ್ ಇದೇ ಸಂಕಟ ಹೇಳಿ ವಿಡಿಯೋ ಹಾಕಿದ್ದರು, ಸಿಐಎಸ್‌ಎಫ್ ಕ್ಷಮೆ ಕೇಳಿತು. ಅದೇ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಕೃತಕ ಕಾಲು ಬಿಚ್ಚಿಸಬಾರದು, ಮನುಷ್ಯನ ಮರ್ಯಾದೆ ಉಳಿಯಬೇಕು ಅಂತ ಹೇಳಿದೆ. ನಾನು ಆ ಸುದ್ದಿಯನ್ನು ಫೋನಿನಲ್ಲಿ ಉಳಿಸಿಕೊಂಡಿದ್ದೇನೆ. ತೋರಿಸುವ ಪ್ರಸಂಗ ಬಂದಿಲ್ಲ, ಇದ್ದರೆ ಧೈರ್ಯ.

ಅಕ್ಕತಂಗಿಯರು ಯಾರಾದರೂ ಜೊತೆಗೆ ಇದ್ದರೆ ಅವ್ವನನ್ನು ಅವರ ಹಿಂದೆ ನಿಲ್ಲಿಸಿ. ಗಂಡುಮಕ್ಕಳು ಆ ಕಡೆ ಸಾಲಿನಲ್ಲಿ ಸಿಕ್ಕಿಬೀಳುತ್ತೀರಿ, ಪಾಪ, ಪ್ಯಾಂಟು ಹಿಡಿದುಕೊಂಡು.

ಕರಿ_ಕೋಟು, ಕಲಬುರಗಿ

ಕೋರ್ಟಿನಿಂದ ಈಗ ಬಂದೆ. ಕಾನೂನಿನ ಮಾತು ಸ್ವಲ್ಪ.

ಖಾಸಗಿತನ ನಮ್ಮ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು 2017ರ ಆಗಸ್ಟ್ 24ರಂದು ಹೇಳಿದರು. ಆ ಕೇಸು ಹಾಕಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಅರ್ಜಿ ಹಾಕುವಾಗ ಅವರಿಗೆ 86 ವರ್ಷ, ನಿಮ್ಮ ಅವ್ವನಿಗಿಂತ ಹಿರಿಯರು. ಆ ತೀರ್ಪಿನ ಪ್ರಕಾರ ಸರ್ಕಾರ ನಿಮ್ಮ ಖಾಸಗಿತನದೊಳಗೆ ಕೈ ಹಾಕಬಹುದು, ಆದರೆ ಅದಕ್ಕೊಂದು ಕಾನೂನು ಇರಬೇಕು, ಸರಿಯಾದ ಕಾರಣ ಇರಬೇಕು, ಬೇಕಾದಷ್ಟೇ ಹಾಕಬೇಕು. ವಿಮಾನದ ಸುರಕ್ಷತೆ ಸರಿಯಾದ ಕಾರಣವೇ. ಸಾಲಿನ ಮುಂದೆ ಸೀರೆ ಎತ್ತಿಸುವುದು ಬೇಕಾದಷ್ಟರ ಲೆಕ್ಕಕ್ಕೆ ಬರಲ್ಲ, ಯಾಕಂದರೆ ಪರದೆ ನಾಲ್ಕು ಹೆಜ್ಜೆ ದೂರದಲ್ಲೇ ಇತ್ತು.

ಮುಖದ ವಿಷಯ ಬೇರೆ. ಮುಖ ನೋಡಿ ಏರ್‌ಪೋರ್ಟಿನೊಳಗೆ ಬಿಡುವ ಡಿಜಿಯಾತ್ರಾ ಆ್ಯಪ್ 2022ರ ಡಿಸೆಂಬರ್ 1ರಂದು ದೆಹಲಿ, ಬೆಂಗಳೂರು, ವಾರಾಣಸಿಯಲ್ಲಿ ಶುರುವಾಯಿತು, ಆಮೇಲೆ ಹೈದರಾಬಾದಿಗೂ ಬಂತು. ನಡೆಸುವುದು ಒಂದು ಪ್ರತಿಷ್ಠಾನ, ಅದರಲ್ಲಿ ಏರ್‌ಪೋರ್ಟ್ ಪ್ರಾಧಿಕಾರದ ಪಾಲು 26 ಶೇಕಡಾ, ಉಳಿದದ್ದು ದೊಡ್ಡ ಏರ್‌ಪೋರ್ಟ್ ಕಂಪನಿಗಳದ್ದು. ಮಾಹಿತಿ ನಿಮ್ಮ ಫೋನಿನಲ್ಲೇ ಇರುತ್ತದೆ, ಏರ್‌ಪೋರ್ಟಿಗೆ ಹೋದದ್ದನ್ನು ವಿಮಾನ ಹೊರಟ 24 ತಾಸಿನೊಳಗೆ ಅಳಿಸುತ್ತೇವೆ ಅನ್ನುತ್ತಾರೆ. ಮುಖ್ಯವಾಗಿ ಅದು ಕಡ್ಡಾಯ ಅಲ್ಲ. ಗುರುತಿನ ಚೀಟಿ ತೋರಿಸಿ ಒಳಗೆ ಹೋಗುವ ದಾರಿ ಇದ್ದೇ ಇದೆ, ಮತ್ತು ಇದು ದೇಶದೊಳಗಿನ ಪ್ರಯಾಣಕ್ಕೆ ಅಂತ ಬಂದದ್ದು, ನಿಮ್ಮ ಅವ್ವನಿಗೆ ಬೇಕಾಗೇ ಇಲ್ಲ. ನಾನು ಸ್ವತಃ ಹಾಕಿಕೊಂಡಿಲ್ಲ. ಹತ್ತು ನಿಮಿಷ ಉಳಿಸೋಕೆ ಮುಖ ಕೊಡುವಷ್ಟು ಅವಸರ ನನಗೆ ಯಾವತ್ತೂ ಬಂದಿಲ್ಲ, ವಾಯಿದೆ ಕೇಳಿ ಕೇಳಿ ರೂಢಿ.

ವೈಯಕ್ತಿಕ ಮಾಹಿತಿ ರಕ್ಷಣೆಯ ಕಾಯ್ದೆ 2023ರದ್ದು. ಅದರ ನಿಯಮ ಬಂದದ್ದು 2025ರ ನವೆಂಬರ್‌ನಲ್ಲಿ, ಮುಖ್ಯ ಭಾಗ ಜಾರಿಗೆ ಬರೋಕೆ ಅಲ್ಲಿಂದ ಮತ್ತೆ 18 ತಿಂಗಳು. ಅದನ್ನು ನಂಬಿಕೊಂಡು ಗೇಟಿನಲ್ಲಿ ವಾದ ಮಾಡಬೇಡಿ. ದೂರು ಕೊಡುವುದಾದರೆ ಸರ್ಕಾರದ ಏರ್‌ಸೇವಾ ವೆಬ್‌ಸೈಟ್ ಇದೆ, ತಾರೀಕು, ಹೊತ್ತು, ಯಾವ ಗೂಡು ಅಂತ ಬರೆದು ಬೇಗ ಹಾಕಿ. ತಪಾಸಣೆ ಜಾಗದಲ್ಲಿ ವಿಡಿಯೋ ಮಾಡೋಕೆ ಹೋಗಬೇಡಿ, ಕೇಸು ನಿಮ್ಮ ಮೇಲೇ ತಿರುಗುತ್ತದೆ.

ಹುಮನಾಬಾದ್_ಹುಡುಗ, ಸದ್ಯ ನ್ಯೂಜೆರ್ಸಿ

ಅಮೆರಿಕದ ಭಾಗ ನಾನು ಹೇಳುತ್ತೇನೆ, ನಮ್ಮವ್ವ ಎರಡು ಸಲ ಬಂದು ಹೋಗಿದ್ದಾಳೆ.

ಬೆತ್ತಲೆ ಮಷಿನ್ ಪೂರ್ತಿ ಸುಳ್ಳು ಸುದ್ದಿ ಅಲ್ಲ, ಹಳೇ ಸುದ್ದಿ. 2009ರ ಕ್ರಿಸ್‌ಮಸ್ ದಿನ ಆಮ್‌ಸ್ಟರ್‌ಡ್ಯಾಮ್‌ನಿಂದ ಡೆಟ್ರಾಯಿಟ್‌ಗೆ ಹೋಗುವ ವಿಮಾನದಲ್ಲಿ ಒಬ್ಬ ಚಡ್ಡಿಯೊಳಗೆ ಸ್ಫೋಟಕ ಬಚ್ಚಿಟ್ಟು ತಂದಿದ್ದ. ಲೋಹ ಅಲ್ಲದ್ದರಿಂದ ಬಾಗಿಲು ಬೀಪ್ ಅನ್ನಲಿಲ್ಲ. ಆಮೇಲೆ ಬಾಡಿ ಸ್ಕ್ಯಾನರ್ ಎಲ್ಲ ಕಡೆ ಬಂದವು. ಅದರಲ್ಲಿ ಎಕ್ಸ್‌ರೇ ಥರದ ಒಂದು ಮಷಿನ್ ಮೈಯ ಆಕಾರವನ್ನು ತುಂಬಾ ಸ್ಪಷ್ಟವಾಗಿ ತೋರಿಸುತ್ತಿತ್ತು. ಜನ ಗಲಾಟೆ ಮಾಡಿದರು, ಚಿತ್ರ ಕಾಣದ ಹಾಗೆ ಮಾಡಿ ಅಂತ ಕಾನೂನೇ ಬಂತು, ಆ ಕಂಪನಿಗೆ ಗಡುವಿನೊಳಗೆ ಆಗಲಿಲ್ಲ, 2013ರಲ್ಲಿ ಅವನ್ನು ಕಿತ್ತು ಹಾಕಿದರು. ಈಗಿನದರಲ್ಲಿ ಮಕ್ಕಳು ಬಿಡಿಸುವಂಥ ಒಂದು ಗೊಂಬೆ ಕಾಣುತ್ತದೆ, ಅನುಮಾನ ಇದ್ದ ಜಾಗದಲ್ಲಿ ಹಳದಿ ಚೌಕ. ಅದು ನಿಮಗೂ ಕಾಣುತ್ತದೆ, ಅಡಗಿಸುವುದಿಲ್ಲ. ಮೊಣಕಾಲಿನಲ್ಲಿ ಲೋಹ ಇದ್ದವರಿಗೆ ಬಾಗಿಲಿಗಿಂತ ಇದೇ ವಾಸಿ.

ಅಲ್ಲಿ ತಪಾಸಣೆ ಮಾಡುವುದು ಟಿಎಸ್‌ಎ ಅನ್ನುವ ಅಮೆರಿಕ ಸರ್ಕಾರದ ಇಲಾಖೆ. ಮೈ ಮುಟ್ಟಿ ನೋಡುವುದಾದರೆ ಹೆಂಗಸೇ ನೋಡಬೇಕು, ಬೇರೆ ಕೋಣೆ ಕೇಳಬಹುದು, ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಬಹುದು, ಕೂರೋಕೆ ಕುರ್ಚಿ ಕೇಳಬಹುದು. ಇಷ್ಟಕ್ಕೂ ಹೋಗುವಾಗ ಅಮೆರಿಕದೊಳಗೆ ಇನ್ನೊಂದು ವಿಮಾನ ಬದಲಿಸಿದರೆ ಮಾತ್ರ ಟಿಎಸ್‌ಎ ಸಿಗುತ್ತದೆ, ಇಲ್ಲವಾದರೆ ವಾಪಸು ಬರುವಾಗಲೇ. ಟಿಎಸ್‌ಎ ಕೇರ್ಸ್ ಅಂತ ಇದೆ, 72 ತಾಸು ಮೊದಲೇ ಫೋನ್ ಮಾಡಿದರೆ ಸಹಾಯಕ್ಕೆ ಜನ ಕೊಡುತ್ತಾರೆ, ತಂಗಿಗೆ ಹೇಳಿ ಮಾಡಿಸಿ.

ಇಮಿಗ್ರೇಷನ್‌ನಲ್ಲಿ ಮಾತ್ರ ಮುಖದ ಫೋಟೋ ಬೇಡ ಅನ್ನೋಕೆ ಬರಲ್ಲ. ನಾವು ಹೊರಗಿನವರು. ಬೆರಳಚ್ಚು ವೀಸಾ ಕೊಡುವಾಗಲೇ ತೆಗೆದುಕೊಂಡಿರುತ್ತಾರೆ, ಇನ್ನು ಮುಖ ಬಚ್ಚಿಟ್ಟು ಏನು ಮಾಡುವುದು. ಫೋನೂ ನೋಡಬಹುದು, ಅಪರೂಪಕ್ಕೆ. ತೋರಿಸಲ್ಲ ಅಂದರೆ ವಾಪಸು ಕಳಿಸುವ ಅಧಿಕಾರ ಅವರಿಗಿದೆ.

ಹಿಂಡಿ! ಕೈಚೀಲದಲ್ಲಿ ಇಡಲೇಬೇಡಿ. ಅಮೆರಿಕಕ್ಕೆ ಹೋಗುವ ವಿಮಾನದಲ್ಲಿ 350 ಎಂಎಲ್‌ಗಿಂತ ಜಾಸ್ತಿ ಪುಡಿ ಇದ್ದರೆ ಬೇರೆ ತೆಗೆದು ನೋಡುತ್ತಾರೆ, 2018ರಿಂದ ಇದೆ. ಎರಡು ಕೆಜಿ ಕೆಂಪು ಪುಡಿ ನೋಡಿ ಅವರು ಏನಂದುಕೊಳ್ಳಬೇಕು. ಚೆಕ್-ಇನ್ ಬ್ಯಾಗಿಗೆ ಹಾಕಿ, ಎರಡು ಪ್ಲಾಸ್ಟಿಕ್ ಚೀಲದಲ್ಲಿ. ನಮ್ಮವ್ವ ಒಂದೇ ಚೀಲದಲ್ಲಿ ತಂದು ನನ್ನ ಹೊಸ ಅಂಗಿಗಳೆಲ್ಲ ಬೆಳ್ಳುಳ್ಳಿ ವಾಸನೆ.

ಕಟಕ_ರೊಟ್ಟಿ, ಕಲಬುರಗಿ

ಎಲ್ಲರಿಗೂ ಭಾಳ ಥ್ಯಾಂಕ್ಸ್. ರಾತ್ರಿ ಊಟ ಆದ ಮೇಲೆ ಅವ್ವನಿಗೆ ಎಲ್ಲ ಓದಿ ಹೇಳಿದೆ. ಗೊಂಬೆ ಚಿತ್ರ ಅಂದಾಗ ನಕ್ಕಳು. ಒಂದು ಮಾತು ಬಾಯಿಪಾಠ ಮಾಡಿಸಿದ್ದೇನೆ, "ಘುಟನೇ ಮೇ ಲೋಹಾ ಹೈ, ಪರ್ದೇ ಮೇ ದೇಖೋ", ಅಂದರೆ ಮೊಣಕಾಲಿನಲ್ಲಿ ಲೋಹ ಇದೆ, ಪರದೆ ಒಳಗೆ ನೋಡಿ ಅಂತ. ಈಗ ಅಡುಗೆಮನೆಯಲ್ಲಿ ಅದನ್ನೇ ಅನ್ನುತ್ತಾ ಓಡಾಡುತ್ತಿದ್ದಾಳೆ, ದೇಖೋ ಅನ್ನುವಾಗ ಜೋರು. ಡಾಕ್ಟರ ಚೀಟಿ ನಾಳೆ ಬರೆಸುತ್ತೇನೆ. ಅವಳ ಹ್ಯಾಂಡ್‌ಬ್ಯಾಗಿನಲ್ಲೇ ಇಟ್ಟರೆ ಸಾಕಲ್ವಾ?

ಕೋಟೆ_ಬಾಗಿಲು, ಬೀದರ್

ಬ್ಯಾಗಿನಲ್ಲಿ ಬೇಡ. ಬ್ಯಾಗು ಬೆಲ್ಟಿನ ಮೇಲೆ ಹೋಗಿ ಆ ಕಡೆ ಬಿದ್ದಿರುತ್ತದೆ, ಅವ್ವ ಈ ಕಡೆ ನಿಂತಿರುತ್ತಾಳೆ. ಚೀಟಿ ಕೈಯಲ್ಲೇ ಇರಲಿ, ಬೋರ್ಡಿಂಗ್ ಪಾಸಿನ ಜೊತೆ.