ಮೂರನೇ ವರ್ಷಕ್ಕೇ ಡ್ರಾಫ್ಟ್‌ಗೆ ಹೋಗುತ್ತೇನೆ ಎನ್ನುತ್ತಾನೆ ಮಗ: ಈ ದಾರಿ ಕಂಡವರು ಹೇಳುತ್ತೀರಾ?

ಷಾರ್ಲೆಟ್‌ನಿಂದ ಒಬ್ಬ ತಾಯಿ:
ಮಗ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡದಲ್ಲಿ ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವವನು. ಶಾಲೆ ಮುಗಿಸಿ ಮೂರು ವರ್ಷವಾದರೆ ಎನ್‌ಎಫ್‌ಎಲ್ ಡ್ರಾಫ್ಟ್‌ಗೆ, ಅಂದರೆ ವೃತ್ತಿಪರ ಲೀಗ್‌ನ ತಂಡಗಳು ಸುತ್ತು ಸುತ್ತಾಗಿ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಪ್ರಕ್ರಿಯೆಗೆ, ಅರ್ಹತೆ ಸಿಗುತ್ತದೆ. ಈ ಋತು ಮುಗಿದ ಕೂಡಲೇ ಹೆಸರು ಕೊಡುತ್ತೇನೆ ಎಂದು ಕುಳಿತಿದ್ದಾನೆ. ಪದವಿ ಮುಗಿಸಿಯೇ ಹೋಗಲಿ ಎಂದು ಅವನ ಅಪ್ಪನ ಹಟ. ಮನೆಯಲ್ಲಿ ದಿನವೂ ಇದೇ ಮಾತು. ಅನುಭವವಿದ್ದವರು ದಯವಿಟ್ಟು ತಿಳಿಸಿ.

ಅಟ್ಲಾಂಟಾದಿಂದ:
ಅಕ್ಕ, ನಾನು ಕಾಲೇಜು ತಂಡವೊಂದರಲ್ಲಿ ಫಿಸಿಯೋಥೆರಪಿಸ್ಟ್ ಆಗಿದ್ದವನು. ಈ ಸ್ಥಾನದಲ್ಲಿ ಆಡುವ ಹುಡುಗರ ಮಂಡಿಗಳನ್ನು ಹತ್ತಿರದಿಂದ ನೋಡಿರುವುದರಿಂದ, ಅವಕಾಶ ಗಟ್ಟಿಯಿದ್ದರೆ ಹೋಗಲಿ ಎಂದೇ ಹೇಳುತ್ತೇನೆ. ಕಾಲೇಜಿನಲ್ಲಿ ಬಿದ್ದ ಏಟು, ವೃತ್ತಿಯಲ್ಲಿ ಬಿದ್ದ ಏಟು ಎರಡನ್ನೂ ದೇಹ ಒಂದೇ ಖಾತೆಗೆ ಬರೆದುಕೊಳ್ಳುತ್ತದೆ. ಸೌತ್ ಕೆರೊಲಿನಾದ ಮಾರ್ಕಸ್ ಲ್ಯಾಟಿಮೋರ್ ಅವರಿಗೆ 2011ರಲ್ಲಿ ಒಂದು ಮಂಡಿ, 2012ರಲ್ಲಿ ಇನ್ನೊಂದು ಮಂಡಿ ಹೋಯಿತು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ತಂಡ ಅವರನ್ನು ನಾಲ್ಕನೇ ಸುತ್ತಿನಲ್ಲಿ ಆರಿಸಿಕೊಂಡಿತಾದರೂ, ಒಂದೂ ಪಂದ್ಯ ಆಡಲಾಗದೆ ಮರುವರ್ಷವೇ ನಿವೃತ್ತರಾದರು. ಆಗ ಅವರಿಗೆ ಬರೀ 23 ವರ್ಷ. ಈಗಲೂ ನೆನೆದರೆ ಸಂಕಟವಾಗುತ್ತದೆ.

ಹಾಗೆಂದು ಕಾಲೇಜಿನಲ್ಲೇ ಉಳಿದವರೆಲ್ಲ ಕೆಟ್ಟರು ಎಂದಲ್ಲ. ಜಾರ್ಜಿಯಾದ ನಿಕ್ ಚಬ್ 2015ರಲ್ಲಿ ಮಂಡಿಗೆ ಭಾರಿ ಪೆಟ್ಟು ಮಾಡಿಕೊಂಡರು. ವಾಸಿಯಾಗಿ ಬಂದ ಮೇಲೂ ಅವಸರಪಡದೆ ನಾಲ್ಕನೇ ವರ್ಷ ಆಡಿ ತೋರಿಸಿದ್ದರಿಂದಲೇ 2018ರಲ್ಲಿ ಕ್ಲೀವ್‌ಲ್ಯಾಂಡ್ 35ನೇ ಆಯ್ಕೆಯಲ್ಲಿ ಅವರನ್ನು ಕರೆದುಕೊಂಡಿತು ಎಂಬುದು ನನ್ನ ನಂಬಿಕೆ.

ಊಹೆಯ ಮೇಲೆ ಮಾತ್ರ ತೀರ್ಮಾನ ಮಾಡಬೇಡಿ. ಎನ್‌ಎಫ್‌ಎಲ್‌ಗೆ ಒಂದು ಸಲಹಾ ಸಮಿತಿಯಿದೆ. ಕಾಲೇಜಿನ ಮೂಲಕ ಕೇಳಿಕೊಂಡರೆ ಮೊದಲ ಸುತ್ತಿನ ಯೋಗ್ಯತೆಯಿದೆ, ಎರಡನೇ ಸುತ್ತಿನದಿದೆ ಅಥವಾ ಕಾಲೇಜಿನಲ್ಲೇ ಇರಲಿ ಎಂದು ಹೇಳುತ್ತದೆ. ಮೊದಲ ಎರಡರಲ್ಲಿ ಯಾವುದು ಬಂದರೂ ಕಳುಹಿಸಿ. ಮೂರನೆಯದು ಬಂದರೆ ಅಪ್ಪನ ಮಾತು ನಡೆಯಲಿ. ಹೆಸರು ಕೊಡಲು ಜನವರಿಯವರೆಗೆ ಸಮಯವಿರುತ್ತದೆ.

ಡಲ್ಲಾಸ್‌ನಿಂದ:
ನನ್ನ ಯಜಮಾನರು ಶಾಲಾ ತಂಡದ ಸಹಾಯಕ ಕೋಚ್. ಅವರ ಕೈಯಲ್ಲಿ ಪಳಗಿದ ಹುಡುಗನೊಬ್ಬ ವೃತ್ತಿಪರ ತಂಡದ ಶಿಬಿರದವರೆಗೂ ಹೋಗಿ, ಆಗಸ್ಟ್ ಕೊನೆಯಲ್ಲಿ 53 ಜನರ ಪಟ್ಟಿ ಮಾಡುವಾಗ ಹೊರಬಿದ್ದ. ಓಟದಲ್ಲಿ ಅವನಿಗೆ ಕೊರತೆಯಿರಲಿಲ್ಲ. ಮನೆಯಲ್ಲಿ ಕುಳಿತು ವಿಡಿಯೊ ನೋಡಿದಾಗ ಕಾರಣ ತಿಳಿಯಿತು. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯಲು ಹಿಂದೆ ಸರಿದಾಗ ಎದುರಾಳಿ ಲೈನ್‌ಬ್ಯಾಕರ್ ಸಂದಿಯಿಂದ ನುಗ್ಗುತ್ತಾನೆ. ಆ ದಾರಿಯನ್ನು ಮೊದಲೇ ಗುರುತಿಸಿ, ಮಂಡಿ ಬಾಗಿಸಿ, ಎರಡೂ ಅಂಗೈಯನ್ನು ಅವನ ಎದೆಗೆ ಕೊಟ್ಟು ನಿಲ್ಲಿಸಬೇಕಾದವನು ರನ್ನಿಂಗ್ ಬ್ಯಾಕ್. ನಮ್ಮ ಹುಡುಗ ತಲೆ ತಗ್ಗಿಸಿ ಭುಜ ಮುಂದೆ ಮಾಡಿ ನುಗ್ಗುತ್ತಿದ್ದ. ಲೈನ್‌ಬ್ಯಾಕರ್ ಅರೆ ಹೆಜ್ಜೆ ಪಕ್ಕಕ್ಕೆ ಸರಿದು ದಾಟಿಬಿಡುತ್ತಿದ್ದ. ಕೋಟಿಗಟ್ಟಲೆ ಡಾಲರ್ ಸಂಬಳದ ಕ್ವಾರ್ಟರ್‌ಬ್ಯಾಕ್‌ನನ್ನು ಅಂಥವನ ಕೈಗೆ ಯಾವ ತಂಡವೂ ಒಪ್ಪಿಸುವುದಿಲ್ಲ.

ಚೆಂಡು ಕೈಯಲ್ಲಿಲ್ಲದಾಗ ನಿಮ್ಮ ಮಗ ಏನು ಮಾಡುತ್ತಾನೆ ಎಂಬುದನ್ನು ಗಮನವಿಟ್ಟು ನೋಡಿ. ಅದು ಕಚ್ಚಾ ಇದ್ದರೆ ಇನ್ನೊಂದು ವರ್ಷ ಕಾಲೇಜಿನಲ್ಲಿ ಕಲಿಯುವುದೇ ಮೇಲು. ಡ್ರಾಫ್ಟ್‌ನಲ್ಲಿ ಹೆಸರು ಬರದಿದ್ದರೂ ಎಲ್ಲ ಮುಗಿಯಿತೆಂದು ತಿಳಿಯಬೇಡಿ. ರನ್ನಿಂಗ್ ಬ್ಯಾಕ್ ಆರಿಯನ್ ಫೋಸ್ಟರ್ ಅವರನ್ನು 2009ರಲ್ಲಿ ಏಳು ಸುತ್ತಿನಲ್ಲೂ ಯಾರೂ ಆರಿಸಲಿಲ್ಲ. 2010ರಲ್ಲಿ ಹ್ಯೂಸ್ಟನ್ ಪರ 1,616 ಗಜ ಓಡಿ ಇಡೀ ಲೀಗ್‌ಗೆ ಮೊದಲಿಗರಾದರು.

ಫೀನಿಕ್ಸ್‌ನಿಂದ:
ದುಡ್ಡಿಗಾಗಿ ಅವಸರವಾದರೆ ಒಂದು ಮಾತು. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರಿನ ಮೇಲೆ ಜಾಹೀರಾತಿನ ಹಣ ಪಡೆಯಬಹುದು. 2025ರಿಂದ ಕಾಲೇಜುಗಳೇ ನೇರವಾಗಿ ಹಣ ಕೊಡಬಹುದು. ನಾಲ್ಕನೇ ವರ್ಷ ಈಗ ಬಿಟ್ಟಿ ದುಡಿಮೆಯಲ್ಲ. ತೀರ್ಮಾನವಾಗುವವರೆಗೆ, ವೃತ್ತಿಪರ ತಂಡಗಳೊಂದಿಗೆ ಒಪ್ಪಂದ ಕುದುರಿಸುವ ಯಾವ ಏಜೆಂಟ್‌ಗೂ ಬಾಯಿಮಾತಿನಲ್ಲಿ ಕೂಡ ಒಪ್ಪಿಗೆ ಕೊಡಬೇಡಿ, ಕಾಲೇಜಿನಲ್ಲಿ ಆಡುವ ಅರ್ಹತೆ ಹೋಗಿಬಿಟ್ಟೀತು. ಮುಂದೆ ನೇಮಿಸಿಕೊಂಡಾಗ ಒಪ್ಪಂದದ ಮೊತ್ತದಲ್ಲಿ ಶೇ 3ಕ್ಕಿಂತ ಹೆಚ್ಚು ಕಮಿಷನ್ ಕೇಳಿದರೆ ಅದು ಆಟಗಾರರ ಸಂಘದ ನಿಯಮಕ್ಕೆ ವಿರುದ್ಧ. ಇನ್ನು ಪದವಿ: ಎಷ್ಟು ಕ್ರೆಡಿಟ್ ಬಾಕಿಯಿದೆ ಎಂದು ಈ ವಾರವೇ ವಿಚಾರಿಸಿ. ಬೇಸಿಗೆ ತರಗತಿಗಳಲ್ಲಿ ಮುಗಿಯುವಷ್ಟಿದ್ದರೆ ಅಪ್ಪ-ಮಗನ ಜಗಳದಲ್ಲಿ ಅರ್ಧ ಅಲ್ಲೇ ತೀರುತ್ತದೆ.