ಗಮನದ ವಿಷಯದಲ್ಲಿ ಗಂಡು ಮಕ್ಕಳ ಮೆದುಳು ನಿಜವಾಗ್ಲೂ ಬೇರೆನಾ?

ಅವಳಿಗಳ ಅಮ್ಮ:
ನನಗೆ ಒಂಬತ್ತು ವರ್ಷದ ಅವಳಿಗಳು, ಒಂದು ಗಂಡು, ಒಂದು ಹೆಣ್ಣು. ಮಗ ಹೋಮ್‌ವರ್ಕ್‌ಗೆ ಕೂತರೆ ಐದೇ ನಿಮಿಷಕ್ಕೆ ಪೆನ್ಸಿಲ್ ಬೀಳುತ್ತದೆ, ಅದನ್ನು ಹುಡುಕಲು ಮೇಜಿನ ಕೆಳಗೆ ಹೋದವನು ಅಲ್ಲೇ ಆಟ ಶುರು ಮಾಡುತ್ತಾನೆ. ಮಗಳು ಅಲ್ಲಾಡದೆ ಕೂತಿರುತ್ತಾಳೆ. ಟೀಚರ್ "ಗಂಡು ಮಕ್ಕಳ ಮೆದುಳೇ ಹಾಗೆ ಬಿಡಿ" ಅಂದರು. ಬಣ್ಣಬಣ್ಣದ ಮೆದುಳಿನ ಚಿತ್ರ ಹಾಕಿ ಹೀಗೇ ಹೇಳುವ ಲೇಖನವನ್ನೂ ಓದಿದೆ. ಇದು ನಿಜವಾ? ಇಬ್ಬರಿಗೂ ಬೇರೆ ಬೇರೆ ಥರ ಕಲಿಸಬೇಕಾ?

ಇಇಜಿ ಟೋಪಿ:
ವ್ಯತ್ಯಾಸ ಇದೆ, ಆದರೆ ಲೇಖನಗಳು ಹೇಳುವಷ್ಟಿಲ್ಲ. ನಾನು ಕೆಲವು ವರ್ಷ ಮಕ್ಕಳ ಇಇಜಿ, ಅಂದರೆ ಮೆದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಪರೀಕ್ಷೆ, ತೆಗೆಯುವ ಕೆಲಸ ಮಾಡಿದ್ದೇನೆ. ತಲೆಗೆ ಎಲೆಕ್ಟ್ರೋಡ್ ಇರುವ ಟೋಪಿ ಹಾಕುತ್ತೇವೆ, ಪರದೆ ಮೇಲೆ ಒಂದೊಂದೇ ಅಕ್ಷರ ಬರುತ್ತದೆ, ಎಲ್ಲದಕ್ಕೂ ಬಟನ್ ಒತ್ತಬೇಕು, ಎಕ್ಸ್ ಬಂದರೆ ಮಾತ್ರ ಒತ್ತಬಾರದು. ಒತ್ತಿ ಒತ್ತಿ ಬೆರಳಿಗೆ ರೂಢಿ ಆಗಿಬಿಟ್ಟಿರುತ್ತದೆ, ಎಕ್ಸ್‌ಗೂ ಒತ್ತಿ "ಛೇ" ಅಂತ ನಮ್ಮ ಮುಖ ನೋಡುತ್ತಾರೆ. ಸರಾಸರಿ ತೆಗೆದರೆ ಹುಡುಗರು ಸ್ವಲ್ಪ ಬೇಗ ಒತ್ತುತ್ತಾರೆ, ಒತ್ತಬಾರದ ಕಡೆಯೂ ಸ್ವಲ್ಪ ಜಾಸ್ತಿ ಒತ್ತುತ್ತಾರೆ. ಆಡುವ ರೀತಿಯೇ ಬೇರೆ ಆದಾಗ ಮೆದುಳಿನ ಅಲೆಯೂ ಬೇರೆ ಬರುತ್ತದೆ ಅಲ್ವಾ? ಅದು ಗಂಡು ಅನ್ನೋದರ ಗುರುತೋ ಅವಸರದ ಗುರುತೋ, ಅಲೆ ನೋಡಿ ಹೇಳೋಕೆ ಆಗಲ್ಲ. ವಯಸ್ಸನ್ನಂತೂ ಮರೆಯಲೇಬೇಡಿ. ಕಾಯುತ್ತಿದ್ದ ಅಕ್ಷರ ಕಂಡಾಗ ಏಳುವ ಪಿ300 ಅನ್ನೋ ಅಲೆ ದೊಡ್ಡವರಲ್ಲಿ ಸುಮಾರು 300 ಮಿಲಿಸೆಕೆಂಡಿಗೆ ಬರುತ್ತದೆ, ಮಕ್ಕಳಲ್ಲಿ ತಡ, ಬೆಳೆದಂತೆ ಬೇಗ ಆಗುತ್ತಾ ಹೋಗುತ್ತದೆ.

ಅನುಮಾನದ ಪ್ರಾಣಿ:
ಬಣ್ಣದ ಚಿತ್ರ ಅಂದರೆ ಎಫ್‌ಎಂಆರ್‌ಐ ಅನ್ನೋ ಮೆದುಳಿನ ಸ್ಕ್ಯಾನ್ ಇರಬೇಕು. ಅದು ಯೋಚನೆಯ ಫೋಟೊ ಅಲ್ಲ. ಕೆಲಸ ಮಾಡಿದ ಜಾಗಕ್ಕೆ ಆಮ್ಲಜನಕ ತುಂಬಿದ ರಕ್ತ ಹರಿದು ಬರುವುದನ್ನು ಅಳೆಯುತ್ತದೆ, ಅದೂ ಕೆಲವು ಸೆಕೆಂಡ್ ತಡವಾಗಿ. ಮಗು ತಲೆಯನ್ನು ಒಂದು ಮಿಲಿಮೀಟರ್‌ಗಿಂತ ಕಮ್ಮಿ ಅಲ್ಲಾಡಿಸಿದರೂ ಲೆಕ್ಕ ಕೆಡಬಹುದು. ಚಡಪಡಿಸುವವರನ್ನೂ ಸುಮ್ನೆ ಮಲಗುವವರನ್ನೂ ಹೋಲಿಸಿದರೆ ಆ ಅಲ್ಲಾಟವೇ ಮೆದುಳಿನ ವ್ಯತ್ಯಾಸದ ವೇಷ ಹಾಕಿಕೊಂಡು ಬರುತ್ತದೆ. 2009ರಲ್ಲಿ ಕೆಲವು ಸಂಶೋಧಕರು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್‌ನಲ್ಲಿಟ್ಟು, ಲೆಕ್ಕ ಸರಿಯಾಗಿ ಮಾಡದಿದ್ದರೆ ಅದರ ಮೆದುಳೂ ಕೆಲಸ ಮಾಡಿದ ಹಾಗೆ ಕಾಣುತ್ತದೆ ಅಂತ ತೋರಿಸಿದ್ದರು. ನಗಬೇಡಿ, ನಿಜ. ಮೆದುಳಿನ ರಚನೆ ಬಗ್ಗೆ ಇಸ್ರೇಲಿನ ಮೆದುಳು ವಿಜ್ಞಾನಿ ಡಾಫ್ನಾ ಜೋಯೆಲ್ ಅವರ ತಂಡ 2015ರಲ್ಲಿ 1,400ಕ್ಕೂ ಹೆಚ್ಚು ಸ್ಕ್ಯಾನ್ ನೋಡಿ, ಪೂರ್ತಿ ಗಂಡು ಅಥವಾ ಪೂರ್ತಿ ಹೆಣ್ಣು ಅನ್ನುವಂಥ ಮೆದುಳು ಅಪರೂಪ, ಹೆಚ್ಚಿನವರದ್ದು ಎರಡರ ಬೆರಕೆ ಅಂದಿತು. ಅದಕ್ಕೆ ತಕರಾರು ತೆಗೆದವರೂ ಇದ್ದಾರೆ, ಬಿಡಿ.

ತಡವಾಗಿ ಗೊತ್ತಾಯ್ತು:
ನಾನು ಹೇಳೋದು ನಿಮ್ಮ ಮಗಳ ಬಗ್ಗೆ. ನನ್ನ ಮಗಳೂ ಹಾಗೇ ಸುಮ್ನೆ ಕೂರುತ್ತಿದ್ದಳು, ಶಾಲೆಯಲ್ಲಿ "ಎಷ್ಟು ಒಳ್ಳೆ ಹುಡುಗಿ" ಅಂತ ಹೊಗಳಿದ್ದೇ ಹೊಗಳಿದ್ದು. ಅವಳಿಗೆ ಎಡಿಎಚ್‌ಡಿ (ಗಮನ ನಿಲ್ಲದಿರುವ, ಚಡಪಡಿಸುವ ತೊಂದರೆ) ಇದೆ ಅಂತ ಗೊತ್ತಾಗಿದ್ದು ಹದಿಮೂರನೇ ವಯಸ್ಸಿಗೆ. ಹಳೆ ನೋಟ್‌ಬುಕ್ ತೆಗೆದರೆ ಮೊದಲ ಮೂರು ಸಾಲು ಮುತ್ತಿನಂಥ ಅಕ್ಷರ, ನಾಲ್ಕನೇ ಸಾಲಿನಲ್ಲಿ ಒಂದೇ ಪದ ಎರಡೆರಡು ಸಲ, ಆಮೇಲೆ ಮಾರ್ಜಿನ್ ತುಂಬಾ ಹೂವು. ಓಡಾಡುವ ಹುಡುಗ ಎಲ್ಲರ ಕಣ್ಣಿಗೂ ಬೀಳುತ್ತಾನೆ, ಕೂತಲ್ಲೇ ಎಲ್ಲೋ ಹೋಗಿಬಿಡುವ ಹುಡುಗಿ ಯಾರ ಕಣ್ಣಿಗೂ ಬೀಳಲ್ಲ. ಅಂದಹಾಗೆ ಡಾಕ್ಟರ್ ಯಾವ ಸ್ಕ್ಯಾನೂ ಮಾಡಿಸಲಿಲ್ಲ. ಮನೆಯಲ್ಲಿ ನಾವು ಒಂದು ಪ್ರಶ್ನೆಗಳ ಫಾರಂ ತುಂಬಿದೆವು, ಶಾಲೆಯವರು ಒಂದು, ಆಮೇಲೆ ಅವಳ ಜೊತೆ ತುಂಬಾ ಹೊತ್ತು ಮಾತು.

ಅವಳಿಗಳ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ಮಗಳ ಪಕ್ಕ ಸುಮ್ನೆ ಕೂತು ನೋಡಿದೆ. ಇಪ್ಪತ್ತು ನಿಮಿಷ ಪೆನ್ಸಿಲ್ ಕೈಯಲ್ಲೇ ಇತ್ತು, ಮೊದಲನೇ ಲೆಕ್ಕವೂ ಮುಗಿದಿರಲಿಲ್ಲ. ಫಾರಂ ಎರಡು ಕೇಳುತ್ತೇನೆ.