ಸ್ಪಿತಿಯಲ್ಲಿ ಐಸ್ ಕ್ಲೈಂಬಿಂಗ್: ಗೈಡ್ ನಿಜಕ್ಕೂ ಅನುಭವಿಯೇ ಅಂತ ತಿಳಿಯೋದು ಹೇಗೆ? ಬೆಂಗಳೂರಲ್ಲೇ ಏನು ತಯಾರಿ?

ತುರಹಳ್ಳಿ_ಶನಿವಾರ

ಎಲ್ಲರಿಗೂ ನಮಸ್ಕಾರ. ರಾಮನಗರ, ಬಾದಾಮಿಯಲ್ಲಿ ಲೀಡ್ ಮಾಡೋ (ಹಗ್ಗ ಕೆಳಗಿಂದ ಒಯ್ಯುತ್ತಾ ಎಲ್ಲರಿಗಿಂತ ಮುಂದೆ ಹತ್ತೋ) ಅಭ್ಯಾಸ ಇರೋ ನಾವು ನಾಲ್ವರು ಜನವರಿ ಕೊನೆಗೆ ಹಿಮಾಚಲದ ಸ್ಪಿತಿಗೆ ಹೋಗಿ, ಹೆಪ್ಪುಗಟ್ಟಿದ ಜಲಪಾತ ಹತ್ತೋದು ಕಲೀಬೇಕು ಅಂತಿದ್ದೀವಿ. ಬಂಡೆ ಗೊತ್ತು, ಐಸ್ ಗೊತ್ತಿಲ್ಲ. ಹಾಗಾಗಿ ಗೈಡ್ ಬೇಕೇ ಬೇಕು. ಫೋನಲ್ಲಿ ಕೇಳಿದ್ರೆ ಎಲ್ಲರೂ ತಾವು ಅನುಭವಿಗಳೇ ಅಂತಾರೆ. ಇಲ್ಲಿ ಕೂತು ಅದನ್ನ ಅಳೆಯೋದು ಹೇಗೆ? ಒಬ್ಬ ಪಳಗಿದ ಗೈಡ್ ಬೆಳಗ್ಗೆ ಎದ್ದು ಏನು ನೋಡ್ತಾರೆ, ಹೇಗೆ ಯೋಚಿಸ್ತಾರೆ? ಮೂರು ತಿಂಗಳಲ್ಲಿ ಬೆಂಗಳೂರಲ್ಲೇ ಏನು ಅಭ್ಯಾಸ ಮಾಡಬಹುದು?

ಉತ್ತರಮುಖ

"ಯಾವ ಗ್ರೇಡ್ (ಕಷ್ಟದ ಮಟ್ಟ) ಹತ್ತುತ್ತೀರಿ" ಅಂತ ಕೇಳಬೇಡಿ. "ಹೋದ ಚಳಿಗಾಲದಲ್ಲಿ ಯಾವ ಜಲಪಾತದ ಬುಡದಿಂದ ವಾಪಸ್ ಬಂದಿರಿ, ಯಾಕೆ" ಅಂತ ಕೇಳಿ. ಅನುಭವಿ ಗೈಡ್ ಹತ್ತಿರ ಇದಕ್ಕೆ ತಕ್ಷಣ, ವಿವರವಾದ ಉತ್ತರ ಇರುತ್ತೆ. ಬರೀ ತೋಳ್ಬಲ ಇರೋರು ತಡವರಿಸ್ತಾರೆ.

ಉತ್ತರದಲ್ಲಿ ಏನು ಬರಬೇಕು? ಮೊದಲು ಉಷ್ಣಾಂಶ. ಇವತ್ತಿನದು ಮಾತ್ರ ಅಲ್ಲ, ಹಿಂದಿನ ಮೂರ್ನಾಲ್ಕು ರಾತ್ರಿಗಳದ್ದು. ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ ಸ್ಥಿರವಾಗಿ ನಿಂತರೆ ಐಸ್ ಮೆದುವಾಗಿರುತ್ತೆ, ಆಕ್ಸ್ (ಐಸಿಗೆ ಕಚ್ಚಿಸಿ ಹತ್ತೋ ಚೂಪು ಮೊನೆಯ ಕೈಗೊಡಲಿ) ಒಂದೇ ಏಟಿಗೆ ಕೂರುತ್ತೆ. ಬೆಚ್ಚಗಿದ್ದದ್ದು ಒಂದೇ ರಾತ್ರಿಯಲ್ಲಿ ಮೈನಸ್ 20ಕ್ಕೆ ಇಳಿದರೆ ಐಸ್ ಕುಗ್ಗಿ ಒಳಗೆಲ್ಲ ಬಿಗಿತ ತುಂಬಿಕೊಳ್ಳುತ್ತೆ. ಏಟಿಗೆ ತಟ್ಟೆಯಗಲದ ಚಕ್ಕೆ ಏಳುತ್ತೆ, ಬಂಡೆಗೆ ಅಂಟದೆ ನಿಂತ ಕಂಬವಾದರೆ ಅಡ್ಡಕ್ಕೆ ಬಿರುಕು ಬಿಟ್ಟು ಇಡಿಯಾಗಿ ಮುರಿಯಬಹುದು. ಹೊಸಬರು "ಚಳಿ ಜಾಸ್ತಿ, ಐಸ್ ಗಟ್ಟಿ" ಅಂದುಕೊಳ್ಳೋ ದಿನವೇ ಗೈಡ್ ಕಂಬದ ಹತ್ತಿರ ಹೋಗೋದಿಲ್ಲ.

ಎರಡನೆಯದು ಮೇಲೆ ಏನಿದೆ ಅನ್ನೋದು. ಜಲಪಾತ ಅಂದ್ರೆ ಮೇಲಿನ ಇಡೀ ಇಳಿಜಾರಿನ ಮೋರಿ. ನೀರು ಬರೋ ದಾರಿಯಲ್ಲೇ ಹಿಮವೂ ಬರುತ್ತೆ. ಹಿಮಕುಸಿತ ಹೆಚ್ಚಾಗಿ ಶುರುವಾಗೋದು 30ರಿಂದ 45 ಡಿಗ್ರಿ ಇಳಿಜಾರಲ್ಲಿ, ಅದು ಕೆಳಗೆ ನಿಂತವರ ಕಣ್ಣಿಗೆ ಬೀಳೋದೇ ಇಲ್ಲ. ಹಿಮ ಬಿದ್ದ ಮೇಲೆ ಒಂದೆರಡು ದಿನ, ಗಾಳಿ ಹಿಮವನ್ನ ತಂದು ಒಟ್ಟಿದ ಮೇಲೂ ಅಷ್ಟೇ, ಆ ಕಣಿವೆಗೆ ಕಾಲಿಡಬಾರದು. ಡಿಜಿಆರ್‌ಇ (ಡಿಆರ್‌ಡಿಒದ ಹಿಮಕುಸಿತ ಸಂಶೋಧನಾ ಸಂಸ್ಥೆ) ಹೊರಡಿಸೋ ಹಿಮಕುಸಿತದ ಮುನ್ನೆಚ್ಚರಿಕೆ ನೋಡ್ತೀರಾ, ಗುಂಪಿನ ಪ್ರತಿಯೊಬ್ಬರಿಗೂ ಬೀಕನ್ (ಹಿಮದಡಿ ಹೂತವರನ್ನ ಪತ್ತೆಹಚ್ಚೋ ರೇಡಿಯೊ ಸಾಧನ), ಪ್ರೋಬ್ (ಹಿಮಕ್ಕೆ ಚುಚ್ಚಿ ಹುಡುಕೋ ಉದ್ದ ಕೋಲು), ಸಲಿಕೆ ಕೊಡ್ತೀರಾ ಅಂತ ಕೇಳಿ. ಒಬ್ಬರಿಗೆ ಮಾತ್ರ ಬೀಕನ್ ಇದ್ದರೆ ಉಪಯೋಗ ಇಲ್ಲ.

ಮೂರನೆಯದು ಬಿಸಿಲು. ದಕ್ಷಿಣಕ್ಕೆ ಮುಖ ಮಾಡಿದ ಐಸ್ ಮೇಲೆ ಬಿಸಿಲು ಬಿದ್ದರೆ ಸ್ಕ್ರೂನ (ಹಗ್ಗ ಸಿಕ್ಕಿಸೋಕೆ ಐಸಿಗೆ ತಿರುಗಿಸಿ ಹಾಕೋ ಟೊಳ್ಳು ಕೊಳವೆ) ಲೋಹ ಕಾದು ಸುತ್ತಲಿನ ಐಸ್ ಕರಗುತ್ತೆ, ಹಿಡಿತ ಹೋಗುತ್ತೆ. ಮೇಲೆ ನೇತಾಡೋ ಐಸ್ ಈಟಿಗಳೂ ಆಗಲೇ ಬೀಳೋದು. ಬಿಸಿಲು ಬರೋ ಮುಂಚೆ ಮುಗಿಸಬೇಕು, ಇಲ್ಲ ನೆರಳಿನ ಗೋಡೆ ಹಿಡೀಬೇಕು.

ಇನ್ನು ಹತ್ತುವಾಗ. ಐಸ್ ಲೀಡ್‌ನಲ್ಲಿ ಬೀಳಲೇಬಾರದು. ಬಿದ್ದಾಗ ಬೂಟಿಗೆ ಕಟ್ಟಿದ ಕ್ರ್ಯಾಂಪಾನ್‌ನ ಉಕ್ಕಿನ ಮುಳ್ಳು ಐಸಿಗೆ ಸಿಕ್ಕಿಕೊಂಡರೆ ಮೊದಲು ಮುರಿಯೋದು ಕಣಕಾಲು. ಅದಕ್ಕೇ ಗೈಡ್ ಸುಸ್ತಾಗೋ ಮೊದಲೇ, ಒಂದು ಆಕ್ಸ್ ಭದ್ರವಾಗಿ ಕೂತಿರುವಾಗ, ಸೊಂಟದಿಂದ ಎದೆಯ ಮಟ್ಟದೊಳಗೆ ಸ್ಕ್ರೂ ಹಾಕ್ತಾರೆ. ತಲೆಗಿಂತ ಮೇಲೆ ಕೈಚಾಚಿ ತಿರುಗಿಸಿದರೆ ಮುಂಗೈ ಸತ್ತೇ ಹೋಗುತ್ತೆ. ಸಾಮಾನ್ಯಕ್ಕೆ 16 ಸೆಂ.ಮೀ., ತೆಳು ಐಸಿಗೆ 10 ಅಥವಾ 13, ಬಿಲೇಗೆ (ನಿಂತು ಹತ್ತೋರ ಹಗ್ಗ ಹಿಡಿದು ಕಾಯೋ ಜಾಗ) ಉದ್ದದ್ದು. ತಿರುಗಿಸುವಾಗ ಕೊಳವೆಯಿಂದ ಹೊರಬರೋ ಐಸ್ ನೋಡಿ: ಅಖಂಡ ಕಡ್ಡಿಯಾಗಿ ಬಂದರೆ ಒಳ್ಳೇದು, ಮಧ್ಯೆ ಸ್ಕ್ರೂ ಸರ್ರನೆ ಒಳಗೆ ಹೋದರೆ ಅಥವಾ ಪುಡಿ, ನೀರು ಬಂದರೆ ಒಳಗೆ ಟೊಳ್ಳು. ಬೇರೆ ಜಾಗ ಹುಡುಕಬೇಕು.

ನಿಮ್ಮನ್ನ ಹತ್ತೋರ ನೇರ ಕೆಳಗೆ ನಿಲ್ಲಿಸಿ ಬಿಲೇ ಮಾಡಿಸೋ ಗೈಡ್ ಬೇಡವೇ ಬೇಡ. ಪಕ್ಕಕ್ಕೆ, ಸಾಧ್ಯವಾದರೆ ಚಾಚಿದ ಬಂಡೆಯ ಮರೆಗೆ ನಿಲ್ಲಿಸಬೇಕು.

ಇನ್ನೊಂದು ಮಾತು, ಇದು ನಿಮ್ಮ ಕಡೆಯಿಂದ ಆಗಬೇಕಾದದ್ದು. ಗೈಡ್‌ಗಳ ಐಸ್ ಸೀಸನ್ ಎರಡು ತಿಂಗಳು ಮಾತ್ರ. ದುಡ್ಡು ಕೊಟ್ಟು ದೂರದಿಂದ ಬಂದವರಿಗೆ "ಇವತ್ತು ಬೇಡ" ಅನ್ನೋದು ಸುಲಭ ಅಲ್ಲ. ಎರಡು ದಿನ ಹೆಚ್ಚುವರಿ ಇಟ್ಟುಕೊಳ್ಳಿ, ಹತ್ತದ ದಿನಕ್ಕೂ ಪೂರ್ತಿ ಸಂಬಳ ಅಂತ ಮೊದಲೇ ಹೇಳಿಬಿಡಿ. ಅವರ ತೀರ್ಮಾನದ ಮೇಲಿನ ಒತ್ತಡ ಅಷ್ಟರಮಟ್ಟಿಗೆ ಕಮ್ಮಿಯಾಗುತ್ತೆ.

ಹಿಮ್ಮಡಿ_ಕೆಳಗೆ

ಮೇಲಿನದಕ್ಕೆ ಪೂರ್ತಿ ಒಪ್ಪಿಗೆ. ತಯಾರಿ ಬಗ್ಗೆ ನಾನು ಹೇಳ್ತೀನಿ.

ಐಸ್‌ನಲ್ಲಿ ಮೊದಲು ಸೋಲೋದು ಮೀನಖಂಡ. ಮುಂಗಾಲಿನ ಎರಡು ಮುಳ್ಳಿನ ಮೇಲೆ ನಿಮಿಷಗಟ್ಟಲೆ ನಿಲ್ಲಬೇಕು. ಮೆಟ್ಟಿಲಂಚಿನಲ್ಲಿ ಗಟ್ಟಿ ಅಟ್ಟೆಯ ಶೂ ಹಾಕಿ, ಹಿಮ್ಮಡಿಯನ್ನ ಅಂಚಿನ ಮಟ್ಟಕ್ಕೆ ಅಥವಾ ತುಸು ಕೆಳಗೆ ಇಟ್ಟು, 2 ನಿಮಿಷ ನಿಂತು 1 ನಿಮಿಷ ಬಿಡಿ. ಸಣ್ಣ ಹಿಡಿತದ ಮೇಲೆ ತುದಿಗಾಲಲ್ಲಿ ನಿಲ್ಲೋ ಅಭ್ಯಾಸ ಇರೋರು ಐಸಲ್ಲೂ ಹಿಮ್ಮಡಿ ಎತ್ತುತ್ತಾರೆ. ಎತ್ತಿದರೆ ಮುಂದಿನ ಮುಳ್ಳು ಐಸಿಂದ ಕಿತ್ತು ಬರುತ್ತೆ. ರಾಮನಗರದ ನುಣುಪು ಇಳಿಜಾರಲ್ಲಿ ಹಿಮ್ಮಡಿ ಇಳಿಸಿ ನಡೀತೀರಲ್ಲ, ಅದೇ ಇಲ್ಲಿ ಸರಿ.

ಚಲನೆ ತ್ರಿಕೋನದಲ್ಲಿ: ಒಂದು ಆಕ್ಸ್ ಮೇಲೆ ನಡುವಿನಲ್ಲಿ, ಕಾಲೆರಡೂ ಭುಜದಗಲಕ್ಕೆ ಒಂದೇ ಮಟ್ಟದಲ್ಲಿ. ತೋಳು ನೇರ, ಸೊಂಟ ಐಸಿನ ಕಡೆ, ಆಮೇಲೆ ಇನ್ನೊಂದು ಆಕ್ಸ್ ಏಟು. ಏಟು ಹಾಕೋದು ತಗ್ಗಿಗೆ, ಉಬ್ಬಿಗಲ್ಲ. ಉಬ್ಬು ಒಡೆದು ಮುಖಕ್ಕೆ ಬರುತ್ತೆ.

ಆಕ್ಸ್, ಕ್ರ್ಯಾಂಪಾನ್ ಬಾಡಿಗೆಗೆ ತಗೊಂಡರೆ ಮೊನೆ ಮೊಂಡಾಗಿದೆಯಾ ನೋಡಿ. ಎಸ್‌ಪಿ ರಸ್ತೆಯಲ್ಲಿ ಸಣ್ಣ ಚಪ್ಪಟೆ ಅರ ಕೊಂಡು ಜೊತೆಗಿಟ್ಟುಕೊಳ್ಳಿ. ಕೈಯಿಂದಲೇ ಉಜ್ಜಬೇಕು. ಗ್ರೈಂಡರ್‌ಗೆ ಹಿಡಿದರೆ ಉಕ್ಕು ಕಾದು ಅದರ ಹದ ಕೆಡುತ್ತೆ.

ತುರಹಳ್ಳಿ_ಶನಿವಾರ

ತುಂಬಾ ಧನ್ಯವಾದ ಇಬ್ಬರಿಗೂ. ಆಕ್ಸ್ ಹೊಡೆತ ರೂಢಿಯಾಗಲಿ ಅಂತ ರಾಮನಗರದ ಯಾವುದಾದರೂ ಜನ ಬಾರದ ಬಂಡೆಯಲ್ಲಿ ಆಕ್ಸ್ ಹಿಡಿದು ಅಭ್ಯಾಸ ಮಾಡಬಹುದಾ? ಮತ್ತೆ ಕೈ ಮರಗಟ್ಟೋದಕ್ಕೆ ಏನು ಮಾಡಬೇಕು?

ಹಗ್ಗಗಂಟು

ದಯವಿಟ್ಟು ಬೇಡ. ಗ್ರಾನೈಟ್ ಮೇಲೆ ಉಕ್ಕಿನ ಗೀರು ಬಿದ್ದರೆ ಹೋಗೋದಿಲ್ಲ, ಸಣ್ಣ ಹಿಡಿತಗಳು ಮುರಿದರೆ ಆ ರೂಟ್ ಎಲ್ಲರಿಗೂ ಹೋಯಿತು. ರಾಮದೇವರ ಬೆಟ್ಟ 2012ರಿಂದ ರಣಹದ್ದು ಧಾಮ ಬೇರೆ, ಅಲ್ಲಿ ಟಕಟಕ ಸದ್ದು ಸಲ್ಲದು. ಗಟ್ಟಿ ಮರದ ಹಿಡಿಗೆ ವೆಬ್ಬಿಂಗ್ (ಗಟ್ಟಿ ನೈಲಾನ್ ಪಟ್ಟಿ) ಕುಣಿಕೆ ಕಟ್ಟಿ, ಒಳಾಂಗಣ ಗೋಡೆಯ ಹಿಡಿತಗಳಿಗೆ ಸಿಕ್ಕಿಸಿ ಹತ್ತಿ. ಉಕ್ಕು ತಾಕೋದಿಲ್ಲ, ಗೋಡೆಯವರೂ ಸಾಮಾನ್ಯವಾಗಿ ಒಪ್ತಾರೆ, ಮೊದಲು ಕೇಳಿ. ಹೊಡೆತಕ್ಕೆ ನೆಟ್ಟಗೆ ನಿಲ್ಲಿಸಿದ ಒಣ ಮರದ ದಿಮ್ಮಿ ಸಾಕು. ಮಣಿಕಟ್ಟು ಕೊನೇ ಕ್ಷಣದಲ್ಲಿ ಝಾಡಿಸಬೇಕು, ತೋಳಿನ ಬಲದಿಂದಲ್ಲ.

ಕೈ ವಿಷಯ: ಆಕ್ಸನ್ನ ತಲೆಗಿಂತ ಮೇಲೆ ಬಿಗಿಯಾಗಿ ಹಿಡಿದಷ್ಟೂ ಕೈಯಿಂದ ರಕ್ತ ಇಳಿದುಹೋಗುತ್ತೆ, ಬಿಲೇಗೆ ಬಂದಮೇಲೆ ಅದು ವಾಪಸ್ ನುಗ್ಗುವಾಗ ಬರೋ ನೋವಿಗೆ ಕಣ್ಣಲ್ಲಿ ನೀರು ಬರುತ್ತೆ, ವಾಂತಿ ಬರೋ ಹಾಗಾಗುತ್ತೆ. ಹಿಡಿತ ಸಡಿಲಿಸಿ, ಪ್ರತಿ ಏಟಿನ ನಡುವೆ ಒಂದು ಕೈ ಕೆಳಗೆ ಬಿಟ್ಟು ಒದರಿ. ಮೂರು ಜೊತೆ ಗ್ಲೌಸ್ ಬೇಕು: ಹತ್ತೋಕೆ ತೆಳುವಾದ ಎರಡು, ಬಿಲೇಗೆ ದಪ್ಪದ್ದು ಒಂದು. ಬಳಸದ ಜೊತೆ ಜಾಕೆಟ್ ಒಳಗೆ ಎದೆಗೆ ಒತ್ತಿಕೊಂಡಿರಲಿ.

ಚಳಿಗಾಲದಲ್ಲಿ ಮನಾಲಿ ಕಡೆಯ ಕುಂಜುಮ್ ಕಣಿವೆದಾರಿ ಮುಚ್ಚಿರುತ್ತೆ, ಶಿಮ್ಲಾ–ಕಿನ್ನೌರ್ ದಾರಿಯೇ ಗತಿ. ಅದು ಒಳ್ಳೇದೇ ಆಯಿತು, ಎತ್ತರಕ್ಕೆ ನಿಧಾನ ಒಗ್ಗಬಹುದು. ರೆಕಾಂಗ್ ಪಿಯೋದಲ್ಲಿ ಒಂದು ರಾತ್ರಿ, ತಾಬೋದಲ್ಲಿ ಒಂದು, ಸ್ಪಿತಿಯ ಮುಖ್ಯ ಊರು ಕಾಜಾ ಸೇರಿದ ಮೇಲೆ ಎರಡು ರಾತ್ರಿ ಕಳೆದೇ ಆಕ್ಸ್ ಹಿಡಿಯಿರಿ. ಡಯಾಮಾಕ್ಸ್ (ಎತ್ತರದ ಕಾಯಿಲೆ ತಡೆಯೋ ಮಾತ್ರೆ) ಬೇಕೋ ಬೇಡವೋ ಇಲ್ಲೇ ವೈದ್ಯರನ್ನ ಕೇಳಿ, ಸಲ್ಫಾ ಅಲರ್ಜಿ ಇದ್ದರೆ ತಪ್ಪದೆ ಹೇಳಿ.

ಉತ್ತರಮುಖ

ವಿಮಾನದಲ್ಲಿ ಹೋಗೋದಾದರೆ ಆಕ್ಸ್, ಕ್ರ್ಯಾಂಪಾನ್, ಸ್ಕ್ರೂ ಎಲ್ಲ ಮೊನೆ ಮುಚ್ಚಿ ಚೆಕ್-ಇನ್ ಬ್ಯಾಗಿಗೆ. ಸ್ಟೌವ್‌ನ ಗ್ಯಾಸ್ ಡಬ್ಬಿ ಎರಡರಲ್ಲೂ ಬಿಡೋದಿಲ್ಲ, ಅದನ್ನ ಗೈಡ್‌ಗೆ ಅಲ್ಲೇ ತರೋಕೆ ಹೇಳಿ. ಬೂಟು ಮಾತ್ರ ಮೊದಲೇ ಕ್ರ್ಯಾಂಪಾನ್‌ಗೆ ಹೊಂದಿಸಿ ನೋಡಿ: ಅಳತೆ ಹೊಂದಿಸಿ ಹಾಕಿ, ಪಟ್ಟಿ ಕಟ್ಟದೆ ಬೂಟನ್ನ ಎತ್ತಿ ಅಲ್ಲಾಡಿಸಿದರೂ ಕ್ರ್ಯಾಂಪಾನ್ ಬೀಳಬಾರದು.